ತಾನಾಗಿ ಬೀಳುವ ಬೀಗವೂ ಕೈಯಿಂದ ಹಾಕುವ ಬೀಗವೂ

ಮನೆಯ ಬಾಗಿಲಿಗೆ ಅಗಳಿ ಹಾಕುವುದನ್ನು ನಮಗೆ ಯಾರೂ ಪಾಠವಾಗಿ ಹೇಳಿಕೊಡಲಿಲ್ಲ. ತಾಯಂದಿರು ಮಾಡುವುದನ್ನು ನೋಡಿ ಕಲಿತೆವು. ಮೋಟಾರು ಕಾರಿನ ಬಾಗಿಲಿನ ಸಂಗತಿ ಹಾಗಲ್ಲ. ನಮ್ಮ ವಿದ್ಯಾರ್ಥಿನಿಯರಲ್ಲಿ ಅನೇಕರು ಬಂಧುಗಳ ಕಾರಿನಲ್ಲಿಯಾಗಲಿ ಬಾಡಿಗೆಯ ಕಾರಿನಲ್ಲಿಯಾಗಲಿ ಪ್ರಯಾಣಮಾಡುವರು. ಆದರೆ ತಮ್ಮ ಪಕ್ಕದ ಬಾಗಿಲಿಗೆ ಬೀಗ ಬಿದ್ದುದು ಹೇಗೆ, ಅದನ್ನು ಒಳಗಿನಿಂದ ತೆರೆಯುವುದು ಹೇಗೆ ಎಂದು ಕೇಳಿದರೆ ಉತ್ತರ ಕೊಡಬಲ್ಲವರು ಕೆಲವರೇ. ಆದಕಾರಣ ಈ ವಿಷಯವನ್ನು ಇಲ್ಲಿ ಕ್ರಮವಾಗಿ ವಿಚಾರಮಾಡೋಣ.

ಕಾರಿನ ಬೀಗಕ್ಕೆ ಮೂರು ಕೆಲಸಗಳುಂಟು. ಮೊದಲನೆಯದು, ಹೊರಗಿನವರು ಒಳಗೆ ಬಾರದಂತೆ ತಡೆಯುವುದು. ಎರಡನೆಯದು, ಗಾಡಿ ಓಡುತ್ತಿರುವಾಗ ಒಳಗಿನವರು ಕೈತಪ್ಪಿ ಬಾಗಿಲು ತೆರೆದು ಬೀಳದಂತೆ ಕಾಯುವುದು. ಮೂರನೆಯದು, ಆಪತ್ಕಾಲದಲ್ಲಿ ಒಳಗಿನವರನ್ನು ತಡವಿಲ್ಲದೆ ಹೊರಗೆ ಬಿಡುವುದು. ಮೊದಲಿನ ಎರಡಕ್ಕೆ ಬಾಗಿಲು ಬಿಗಿಯಾಗಿರಬೇಕು. ಮೂರನೆಯದಕ್ಕೆ ಸುಲಭವಾಗಿ ತೆರೆಯಬೇಕು. ಈ ವಿರೋಧವನ್ನು ಯಾವ ಬೀಗ ಹೇಗೆ ಪರಿಹರಿಸುವುದೆಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಹಳೆಯ ಕಾರುಗಳಲ್ಲಿ ಪ್ರತಿ ಬಾಗಿಲಿನ ಕಿಟಕಿಯ ಅಂಚಿನಲ್ಲಿ ಒಂದು ಸಣ್ಣ ಗುಂಡಿ ಇರುತ್ತಿತ್ತು. ಒತ್ತಿದರೆ ಬೀಗ ಬೀಳುವುದು, ಮೇಲಕ್ಕೆ ಎಳೆದರೆ ಬಿಡುವುದು. ಗುಂಡಿಗೂ ಕೊಂಡಿಗೂ ನಡುವೆ ಕಬ್ಬಿಣದ ಸರಳು ಮಾತ್ರ ಇದ್ದುದರಿಂದ ಇದಕ್ಕೆ ವಿದ್ಯುತ್ತು ಬೇಕಾಗಿರಲಿಲ್ಲ. ಬೀಗ ಬಿದ್ದಿದೆಯೋ ಇಲ್ಲವೋ ಎಂಬುದನ್ನು ಚಿಕ್ಕ ಮಗುವೂ ಕಣ್ಣಿನಿಂದ ನೋಡಿ ತಿಳಿಯಬಹುದಾಗಿತ್ತು. ಇದರ ಕೊರತೆ ಮನುಷ್ಯನ ಮರೆವು. ನಾಲ್ಕು ಬಾಗಿಲುಗಳಲ್ಲಿ ಮೂರಕ್ಕೆ ಬೀಗ ಹಾಕಿ ಒಂದನ್ನು ಬಿಟ್ಟರೆ ಕಳ್ಳನಿಗೆ ಅದೊಂದೇ ಸಾಕು.

ಈ ಮರೆವಿಗೆ ಯಂತ್ರವು ಪರಿಹಾರ ತಂದಿತು. ಅಮೇರಿಕೆಯ ಪ್ಯಾಕರ್ಡ್ ಕಾರುಗಳಲ್ಲಿ 1956ರಲ್ಲಿ ವಿದ್ಯುತ್ ಬೀಗಗಳು ಬಂದವು. ಫ್ರಾನ್ಸಿನ ರೆನೋ ಫ್ಯೂಗೋ ಕಾರಿನಲ್ಲಿ 1982ರಲ್ಲಿ ದೂರದಿಂದಲೇ ಬೀಗ ತೆಗೆಯುವ ಕೀಲಿಕೈ ಬಂದಿತು. ಸೆಂಟ್ರಲ್ ಲಾಕ್ ಎಂದು ಕರೆಯಲ್ಪಡುವ ಏರ್ಪಾಡಿನಲ್ಲಿ ಪ್ರತಿ ಬಾಗಿಲಿನೊಳಗೂ ಒಂದು ಸಣ್ಣ ವಿದ್ಯುತ್ ಮೋಟಾರು ಇರುವುದು. ಅದು ಒಂದು ಕಡೆಗೆ ತಿರುಗಿದರೆ ಬೀಗ ಬೀಳುವುದು, ಎದುರು ಕಡೆಗೆ ತಿರುಗಿದರೆ ಬಿಡುವುದು. ಇನ್ನು ಕೆಲವು ಕಾರುಗಳಲ್ಲಿ ವೇಗವು ಗಂಟೆಗೆ 15 ಅಥವಾ 20 ಕಿಲೋಮೀಟರಿನಷ್ಟಾದೊಡನೆ ಯಾರೂ ಮುಟ್ಟದೆಯೇ ಎಲ್ಲ ಬೀಗಗಳೂ ಬೀಳುವುವು. ಅಪಘಾತದಲ್ಲಿ ಏರ್‌ಬ್ಯಾಗ್ ಉಬ್ಬಿದಾಗ ಬೀಗಗಳು ತಾವಾಗಿ ಬಿಡುವ ಕಾರುಗಳೂ ಅನೇಕವಿವೆ, ಎಲ್ಲವೂ ಹಾಗಿರುವುದಿಲ್ಲ.

ಸಂದಣಿಯ ರಸ್ತೆಯಲ್ಲಿ ಕಾರು ನಿಂತಾಗ ಹೊರಗಿನಿಂದ ಬಾಗಿಲು ತೆರೆದು ಕೈಚೀಲವನ್ನು ಕಸಿಯುವವನಿಗೂ, ಓಡುವ ಗಾಡಿಯ ಬಾಗಿಲನ್ನು ಎಳೆದು ನೋಡುವ ಮಗುವಿನ ಚಾಪಲ್ಯಕ್ಕೂ ಈ ಯಂತ್ರವು ಒಳ್ಳೆಯ ತಡೆ. ಆದರೆ ಯಂತ್ರಕ್ಕೆ ವಿವೇಕವಿಲ್ಲ. 2025ರ ಮೇ ತಿಂಗಳಲ್ಲಿ ಆಂಧ್ರಪ್ರದೇಶದ ವಿಜಯನಗರಂ ಜಿಲ್ಲೆಯ ದ್ವಾರಪೂಡಿ ಗ್ರಾಮದಲ್ಲಿ ಆಡುತ್ತಾ ಹೋಗಿ ನಿಂತಿದ್ದ ಕಾರಿನೊಳಗೆ ಸೇರಿದ ನಾಲ್ವರು ಮಕ್ಕಳು ಹೊರಗೆ ಬರಲಾರದೆ ಪ್ರಾಣ ಬಿಟ್ಟರು. ಬಿಸಿಲಿನಲ್ಲಿ ಮುಚ್ಚಿ ನಿಂತ ಕಾರಿನೊಳಗಿನ ಉಷ್ಣವು ಹತ್ತೇ ನಿಮಿಷಗಳಲ್ಲಿ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರುವುದು. ಮಗುವಿನ ದೇಹವು ದೊಡ್ಡವರ ದೇಹಕ್ಕಿಂತ ಬೇಗ ಕಾಯುವುದು. ಆದುದರಿಂದ ಮನೆಯ ಮುಂದೆ ನಿಂತ ಕಾರಿಗೂ ಬೀಗ ಹಾಕಿ, ಕೀಲಿಕೈಯನ್ನು ಮಕ್ಕಳ ಕೈಗೆ ಎಟುಕದ ಕಡೆ ಇಡತಕ್ಕದ್ದು.

ನೀರಿನ ಅಪಾಯವು ಬೇರೆ ವಿಧದ್ದು. 2023ರ ಮೇ ತಿಂಗಳಲ್ಲಿ ಬೆಂಗಳೂರಿನ ಕೆ.ಆರ್. ಸರ್ಕಲ್ ಬಳಿಯ ಕೆಳಸೇತುವೆಯಲ್ಲಿ ಮಳೆಯ ನೀರು ತುಂಬಿ, ಕಾರೊಂದು ಮುಳುಗಿ, ಅದರಲ್ಲಿದ್ದ ತರುಣಿಯೊಬ್ಬಳು ಮೃತಳಾದಳು. ಇಂಥ ಸಮಯದಲ್ಲಿ ಬೀಗ ತೆಗೆದ ಮಾತ್ರಕ್ಕೆ ಬಾಗಿಲು ತೆರೆಯದು. ಲೆಕ್ಕಮಾಡಿ ನೋಡಿರಿ. ಬಾಗಿಲಿನ ಅಗಲ 1 ಮೀಟರು. ಹೊರಗಿನ ನೀರು ಅದರ ಕೆಳ ಅಂಚಿನಿಂದ 0.6 ಮೀಟರು ಏರಿದೆ. ಒಳಗೆ ಇನ್ನೂ ನೀರು ಬಂದಿಲ್ಲ. ನೀರು ತಾಗಿದ ವಿಸ್ತಾರ 0.6 ಚದರ ಮೀಟರು, ಸರಾಸರಿ ಆಳ 0.3 ಮೀಟರು. ಇವೆರಡನ್ನು ಗುಣಿಸಿದರೆ 0.18 ಘನ ಮೀಟರು ನೀರು, ಅಂದರೆ 180 ಕಿಲೋಗ್ರಾಂ ಭಾರವು ಬಾಗಿಲನ್ನು ಒಳಕ್ಕೆ ಒತ್ತುತ್ತಿರುವುದು. ಇದನ್ನು ತೋಳಿನ ಬಲದಿಂದ ತಳ್ಳುವುದು ಅಸಾಧ್ಯ. ಆದಕಾರಣ ನೀರು ಏರುವ ಮುನ್ನವೇ ಸೊಂಟದ ಪಟ್ಟಿಯನ್ನು ಬಿಚ್ಚಿ, ಕಿಟಕಿಯ ಗಾಜನ್ನು ಇಳಿಸಿ, ಮಕ್ಕಳನ್ನು ಮುಂದಾಗಿ ಕಳುಹಿಸಿ, ಕಿಟಕಿಯ ಮೂಲಕವೇ ಹೊರಬೀಳಬೇಕು. ಗಾಜು ಇಳಿಯದಿದ್ದರೆ ಪಕ್ಕದ ಕಿಟಕಿಯ ಮೂಲೆಗೆ ಮೊನೆಯುಳ್ಳ ಗಟ್ಟಿ ವಸ್ತುವಿನಿಂದ ಹೊಡೆಯಬೇಕು. ಗಾಜಿನ ನಡುಭಾಗಕ್ಕಿಂತ ಮೂಲೆಯು ಬೇಗ ಒಡೆಯುವುದು.

ಯಂತ್ರದ ಬೀಗಕ್ಕೂ ಕೈಯ ಸಹಾಯ ಇರಲೇಬೇಕೆಂಬುದನ್ನು ನಮ್ಮ ದೇಶದ ಕಾನೂನೂ ಒಪ್ಪಿದೆ. 2019ರ ಜುಲೈ 1ರಿಂದ ತಯಾರಾಗುವ ಕಾರುಗಳಲ್ಲಿ ಸೆಂಟ್ರಲ್ ಲಾಕ್ ಇದ್ದರೆ ಅದನ್ನು ಕೈಯಿಂದ ಬಿಡಿಸುವ ಏರ್ಪಾಡೂ ಇರತಕ್ಕದ್ದೆಂದು ವಿಧಿಸಲಾಯಿತು. ಅದೇ ಕಾಲದಿಂದ ಹೊಸ ಬಾಡಿಗೆ ಕಾರುಗಳಲ್ಲಿ ಚೈಲ್ಡ್ ಲಾಕ್ ಕೂಡದೆಂದೂ ನಿಯಮವಾಯಿತು. ಈ ಚೈಲ್ಡ್ ಲಾಕ್ ಹಿಂದಿನ ಬಾಗಿಲಿನ ಅಂಚಿನಲ್ಲಿರುವ ಸಣ್ಣ ಸನ್ನೆ. ಅದನ್ನು ಸರಿಸಿದರೆ ಬಾಗಿಲು ಹೊರಗಿನಿಂದ ತೆರೆಯುವುದು, ಒಳಗಿನಿಂದ ತೆರೆಯದು. ಮಗುವಿಗೆ ರಕ್ಷಣೆಯಾದ ಇದೇ ಸನ್ನೆ, ಒಬ್ಬಂಟಿಯಾಗಿ ಪ್ರಯಾಣಮಾಡುವ ಸ್ತ್ರೀಗೆ ಸೆರೆಯಾಗಬಲ್ಲದು. ಹಳೆಯ ಬಾಡಿಗೆ ಕಾರುಗಳಲ್ಲಿ ಇದು ಇನ್ನೂ ಇರಬಹುದು. ಆದುದರಿಂದ ಹತ್ತುವಾಗಲೇ ಬಾಗಿಲಿನ ಅಂಚನ್ನು ನೋಡುವುದೂ, ಕಾರು ಹೊರಡುವ ಮುನ್ನ ಒಳಗಿನ ಹಿಡಿಯನ್ನು ಎಳೆದು ನೋಡುವುದೂ ಜಾಣ್ಮೆ. ಹೀಗೆ ಮಾಡಲು ಸಂಕೋಚಪಡಬೇಕಾಗಿಲ್ಲ; ಇದರಿಂದ ಪ್ರಾಮಾಣಿಕನಾದ ಚಾಲಕನಿಗೆ ಅವಮಾನವೇನೂ ಆಗದು.

ಹೀಗೆ ವಿಚಾರಿಸಿದರೆ, ದಿನದಿನದ ಮರೆವಿಗೆ ತಾನಾಗಿ ಬೀಳುವ ಬೀಗವೇ ಮೇಲು. ಆಪತ್ತಿನಲ್ಲಿ ಕೈಗೆ ಒಲಿಯುವ ಬೀಗವೇ ಮೇಲು. ಎರಡೂ ಇರುವ ಕಾರಿನಲ್ಲಿ ಕುಳಿತವಳಿಗೆ ಅವುಗಳ ತಿಳುವಳಿಕೆಯೂ ಇರಬೇಕು. ನಮ್ಮ ಬಾಲಿಕೆಯರು ಈ ರಜೆಯಲ್ಲಿ ಹಿರಿಯರ ಅನುಮತಿ ಪಡೆದು, ಅವರ ಸಮ್ಮುಖದಲ್ಲಿಯೇ, ನಿಂತ ಕಾರಿನ ಹಿಂದಿನ ಆಸನದಲ್ಲಿ ಕುಳಿತು, ಬೀಗ ಹಾಕಿಸಿ, ಕಣ್ಣು ಮುಚ್ಚಿಕೊಂಡು ಬಾಗಿಲನ್ನು ತೆರೆಯುವ ಅಭ್ಯಾಸ ಮಾಡಲಿ. ಕೆಲವು ಕಾರುಗಳಲ್ಲಿ ಹಿಡಿಯನ್ನು ಒಂದು ಸಾರಿ, ಕೆಲವುಗಳಲ್ಲಿ ಎರಡು ಸಾರಿ ಎಳೆಯಬೇಕಾಗುವುದು. ಇನ್ನು ಕೆಲವುಗಳಲ್ಲಿ ಗುಂಡಿಯನ್ನು ಮೊದಲು ಬಿಡಿಸಬೇಕಾಗುವುದು. ತಾವು ಕಲಿತುದನ್ನು ಮನೆಯ ಚಿಕ್ಕ ಮಕ್ಕಳಿಗೂ ಅಜ್ಜಿಯರಿಗೂ ತೋರಿಸಿಕೊಡಲಿ.