ಕರುಳಿನ ಕಿಂಡಿಗೊಂದು ಹೊಲಿಗೆ

ಅತಿಸ್ಥೂಲತೆಯ ಚಿಕಿತ್ಸೆಗಾಗಿ ಜಠರದ ಮೇಲೆ ನಡೆಸುವ ಶಸ್ತ್ರಕ್ರಿಯೆಯ ವಿಷಯವನ್ನು ವಾಚಕರು ಕೇಳಿರಬಹುದು. ಜಠರದ ಬೈಪಾಸ್ ಎಂಬ ಈ ಕ್ರಮವನ್ನು ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದ ಎಡ್ವರ್ಡ್ ಮೇಸನ್ನರು 1966ರಲ್ಲಿ ಆರಂಭಿಸಿದರು. ಅದು ಈಗ ರೂಢಿಯಲ್ಲಿರುವ ರೀತಿ ಹೀಗೆ: ಜಠರದ ಮೇಲ್ಭಾಗವನ್ನು ಪುಟ್ಟ ಚೀಲವಾಗಿ ಬೇರ್ಪಡಿಸಿ, ಸಣ್ಣಕರುಳನ್ನು ತುಂಡರಿಸಿ, ಅದರ ಕೆಳಭಾಗದ ತುದಿಯನ್ನು ಮೇಲಕ್ಕೆಳೆದು ಚೀಲಕ್ಕೆ ಜೋಡಿಸುತ್ತಾರೆ. ಮೇಲ್ಭಾಗದ ತುದಿಯನ್ನು ಇನ್ನೂ ಕೆಳಗೆ, ಕರುಳಿನ ಮಗ್ಗುಲಿಗೇ ಕೂಡಿಸುತ್ತಾರೆ.

ಗಾಯ ಮಾಯ್ದು, ತೂಕವಿಳಿದು, ಎಲ್ಲವೂ ಸರಿಹೋಯಿತೆನ್ನುವಾಗ, ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ, ರೋಗಿಗೆ ಹಠಾತ್ತನೆ ಹೊಟ್ಟೆನೋವು ಬರುವುದುಂಟು. ಇದೇಕೆ?

ಕರುಳು ಹೊಟ್ಟೆಯೊಳಗೆ ಹಗ್ಗದ ಸುರುಳಿಯಂತೆ ಬಿಡಿಯಾಗಿ ಬಿದ್ದಿರುವುದಿಲ್ಲ. ನೆರಿಗೆ ಹಿಡಿದ ಬಟ್ಟೆಯಂತಹ ಒಂದು ಪೊರೆ ಅದನ್ನು ಬೆನ್ನಿನ ಕಡೆಗೆ ತೂಗುಹಾಕಿದೆ. ರಕ್ತನಾಳಗಳೂ ಕೊಬ್ಬೂ ಆ ಪೊರೆಯಲ್ಲಿಯೇ ಇವೆ. ಕರುಳನ್ನು ಕತ್ತರಿಸಿ ಬೇರೆಡೆಗೆ ಎಳೆದಾಗ ಪೊರೆಯಲ್ಲಿ ಕಿಂಡಿಗಳು ಉಳಿಯುತ್ತವೆ. ಒಂದು, ಕೆಳಗಿನ ಜೋಡಣೆಯ ಬಳಿ. ಇನ್ನೊಂದು, ಮೇಲಕ್ಕೆಳೆದ ಕರುಳಿನ ಹಿಂದೆ. ಎರಡನೆಯದಕ್ಕೆ ಜರ್ಮನಿಯ ಶಸ್ತ್ರವೈದ್ಯ ಪೀಟರ್ಸನ್ನರ ಹೆಸರಿದೆ. ದೇಹ ಕೃಶವಾದಂತೆ ಪೊರೆಯ ಕೊಬ್ಬು ಕರಗಿ ಕಿಂಡಿ ಅಗಲವಾಗುತ್ತದೆ. ಚಿಕಿತ್ಸೆ ಫಲಿಸಿದುದೇ ಅಪಾಯಕ್ಕೆ ಬಾಗಿಲು ತೆರೆಯಿತೆನ್ನಬೇಕು! ಕರುಳಿನ ಕುಣಿಕೆಯೊಂದು ಒಳನುಸುಳಿ ತಿರುಚಿಕೊಂಡರೆ ರಕ್ತಸಂಚಾರ ನಿಂತು ಆ ಭಾಗ ಸಾಯಬಹುದು.

ಹಾಗಾದರೆ ಮೊದಲೇ ಕಿಂಡಿಯನ್ನು ಹೊಲಿದುಬಿಡಬಾರದೆ? ಸ್ವೀಡನ್ನಿನ 12 ಆಸ್ಪತ್ರೆಗಳಲ್ಲಿ 2507 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಕರುಳು ಕಟ್ಟಿಕೊಂಡುದರಿಂದ ಮೂರು ವರ್ಷಗಳೊಳಗೆ ಮತ್ತೆ ಶಸ್ತ್ರಕ್ರಿಯೆಗೆ ಒಳಗಾದವರು, ಕಿಂಡಿ ತೆರೆದಿಟ್ಟವರಲ್ಲಿ ಶೇಕಡಾ 10.2, ಮುಚ್ಚಿದವರಲ್ಲಿ 5.5. ಆದರೆ ಮುಚ್ಚಿದವರಲ್ಲಿ ಆರಂಭದ ದಿನಗಳ ತೀವ್ರ ತೊಡಕುಗಳು ಶೇಕಡಾ 2.8ರಿಂದ 4.3ಕ್ಕೆ ಏರಿದವು. ಹೊಲಿಗೆಯ ಸೆಳೆತಕ್ಕೆ ಕೆಳಗಿನ ಜೋಡಣೆ ಮಡಚಿಕೊಂಡುದೇ ಮುಖ್ಯ ಕಾರಣ. ನೀರಿನ ರಬ್ಬರು ಕೊಳವೆ ಮಡಚಿದರೆ ಏನಾಗುವುದೆಂದು ತೋಟಕ್ಕೆ ನೀರು ಹಾಯಿಸುವವರೆಲ್ಲ ಬಲ್ಲರು.

ಆದುದರಿಂದ ಕೈಚಳಕ ಇಲ್ಲಿ ಬೇಕು. ಕರಗದ ದಾರದಿಂದ, ರಕ್ತನಾಳಕ್ಕೆ ಸೂಜಿ ತಾಗದಂತೆ, ಪೊರೆಯನ್ನು ಬಿಗಿಯಾಗಿ ಸೆಳೆಯದೆ ಹೊಲಿಯಬೇಕು. ಜೋಡಣೆಯ ಪಕ್ಕದಲ್ಲಿ ಎರಡು ಕರುಳುಗಳನ್ನು ಒಂದಕ್ಕೊಂದು ತಾಗಿಸಿ ಇನ್ನೊಂದು ಹೊಲಿಗೆ ಹಾಕಿದರೆ ಅದು ಮಡಚಿಕೊಳ್ಳದಂತೆ ನೆಟ್ಟಗೆ ನಿಲ್ಲುತ್ತದೆ.

ಇಷ್ಟಾದರೂ ತೂಕವಿಳಿದ ಮೇಲೆ ಹೊಲಿಗೆ ಸಡಿಲಬಹುದು. ನೋವು ಬಂದಾಗ ರೋಗಿಯು ತನ್ನ ಹಳೆಯ ಶಸ್ತ್ರಕ್ರಿಯೆಯನ್ನು ವೈದ್ಯರಿಗೆ ಮೊದಲು ತಿಳಿಸಬೇಕು. ಏಕೆಂದರೆ ಸ್ಕ್ಯಾನ್ ಚಿತ್ರ ನಿರ್ದೋಷವಾಗಿ ಕಂಡರೂ ಕರುಳು ಒಳಗೆ ಸಿಕ್ಕಿಕೊಂಡಿರಬಹುದು.