ಸಿಗ್ನೇಚರ್ ಗಿಟಾರ್: ಹೆಸರಿಗೆಷ್ಟು, ಗಿಟಾರಿಗೆಷ್ಟು?

ಗಿಬ್ಸನ್ ಲೆಸ್ ಪಾಲ್ ಎಂದರೆ ಅನೇಕರಿಗೆ ಅದು ಬರೀ ಒಂದು ಮಾಡೆಲ್. ಆದರೆ ಲೆಸ್ ಪಾಲ್ ಅಮೆರಿಕದ ಒಬ್ಬ ಗಿಟಾರ್ ವಾದಕ. 1952ರಲ್ಲಿ ಆತನ ಹೆಸರು ಹೊತ್ತು ಮಾರುಕಟ್ಟೆಗೆ ಬಂದ ವಾದ್ಯ ಎಷ್ಟು ಗಟ್ಟಿಯಾಗಿತ್ತೆಂದರೆ, ಆತನನ್ನು ಒಮ್ಮೆಯೂ ಕೇಳದವರು ಕೂಡ ಅದನ್ನು ಬಯಸಿ ಕೊಂಡರು. ಒಳ್ಳೆಯ ಸಿಗ್ನೇಚರ್ ಮಾಡೆಲ್‌ನ ಲಕ್ಷಣ ಇದೇ: ಹೆಸರು ಅಳಿಸಿದರೂ ಗಿಟಾರು ಬೇಕೆನಿಸಬೇಕು. ಮೆಚ್ಚಿನ ಕಲಾವಿದನ ಮಾಡೆಲ್ ಮೇಲೆ ಮನಸ್ಸಾಗಿದ್ದರೆ, ದುಡ್ಡು ಕೊಡುವ ಮೊದಲು ಹೀಗೆ ಹೋಲಿಸಿ ನೋಡಿ.

ಹಂತ 1: ಕಲಾವಿದ ಬದಲಿಸಿದ್ದೇನು ಎಂದು ಬರೆದುಕೊಳ್ಳಿ

ಅದೇ ಕಂಪನಿಯ ಸಾಮಾನ್ಯ ಮಾಡೆಲ್‌ನ ವಿವರ ಪಕ್ಕದಲ್ಲಿಟ್ಟುಕೊಂಡು ವ್ಯತ್ಯಾಸಗಳನ್ನಷ್ಟೇ ಪಟ್ಟಿ ಮಾಡಿ. ಫೆಂಡರ್ 1988ರಲ್ಲಿ ತಂದ ಎರಿಕ್ ಕ್ಲಾಪ್ಟನ್ ಸ್ಟ್ರಾಟೊಕಾಸ್ಟರ್ ನೋಡಿ. ಹೊರನೋಟಕ್ಕೆ ಅದು ಎಲ್ಲ ಸ್ಟ್ರಾಟ್‌ಗಳಂತೆಯೇ ಇದೆ. ಆದರೆ ಕ್ಲಾಪ್ಟನ್ ದಶಕಕ್ಕೂ ಹೆಚ್ಚು ಕಾಲ ನುಡಿಸಿದ ಹಳೆಯ ‘ಬ್ಲ್ಯಾಕಿ’ಯಂತೆ ನೆಕ್‌ನ ಹಿಂಬದಿ ಮೆದುವಾದ ವಿ ಆಕಾರದಲ್ಲಿದೆ. ಒಳಗೆ ಬ್ಯಾಟರಿಯಿಂದ ನಡೆಯುವ ಮಿಡ್ ಬೂಸ್ಟ್ ಇದ್ದು, ನಾಬ್ ತಿರುಗಿಸಿದರೆ 25 ಡೆಸಿಬೆಲ್‌ವರೆಗೂ ಏರುತ್ತದೆ. ತೆಳ್ಳಗಿನ ಸ್ಟ್ರಾಟ್ ದನಿ ಆಗ ದಪ್ಪಗಾಗಿ, ಹಂಬಕ್ಕರ್ ಪಿಕಪ್‌ಗೆ ಹತ್ತಿರವಾಗುತ್ತದೆ. ಕ್ಲಾಪ್ಟನ್ ಟ್ರೆಮೊಲೊ ಬಳಸುವವರಲ್ಲ, ಹಾಗಾಗಿ ಬ್ರಿಡ್ಜ್ ಅಲುಗದಂತೆ ಮರದ ತುಂಡಿಟ್ಟು ಬಿಗಿ ಮಾಡಿದ್ದಾರೆ. ಒಂದೊಂದು ಬದಲಾವಣೆಗೂ ಕಾರಣವಿದೆ. ನಿಮ್ಮ ಪಟ್ಟಿಯಲ್ಲಿ ಬಣ್ಣ ಮತ್ತು ಸಹಿ ಮಾತ್ರ ಉಳಿದರೆ, ಸಾಮಾನ್ಯ ಮಾಡೆಲ್ಲೇ ಕೊಳ್ಳಿ.

ಹಂತ 2: ಆಮೇಲೆ ಹಾಕಿಸಬಹುದಾದದ್ದನ್ನು ಹೊಡೆದುಹಾಕಿ

ಪಿಕಪ್, ಟ್ಯೂನರ್, ಟಾಮ್ ಮೊರೆಲ್ಲೊ ಮಾಡೆಲ್‌ನಲ್ಲಿರುವಂಥ, ದನಿಯನ್ನು ಥಟ್ಟನೆ ಕಡಿಯುವ ಕಿಲ್ ಸ್ವಿಚ್ — ಇವನ್ನೆಲ್ಲ ಗಿಟಾರ್ ರಿಪೇರಿ ಬಲ್ಲವರು ಮುಂದೆ ಯಾವಾಗಲಾದರೂ ಕೂರಿಸಿಕೊಡುತ್ತಾರೆ. ನೆಕ್‌ನ ಆಕಾರ ಹಾಗಲ್ಲ, ಅದು ಕೊನೆತನಕ ನಿಮ್ಮ ಅಂಗೈಯಲ್ಲೇ ಇರುತ್ತದೆ. ಆದ್ದರಿಂದ ಹೆಚ್ಚು ದುಡ್ಡು ಕೊಡುವುದಾದರೆ ನೆಕ್‌ಗೆ ಕೊಡಿ ಎನ್ನುತ್ತೇನೆ.

ಇಲ್ಲೊಂದು ಎಚ್ಚರಿಕೆ. ಇಂಗ್ವೇ ಮಾಲ್ಮ್‌ಸ್ಟೀನ್ ಸ್ಟ್ರಾಟ್‌ನಲ್ಲಿ ಫ್ರೆಟ್‌ಗಳ ನಡುವಿನ ಮರವನ್ನು ತೋಡಿರುತ್ತಾರೆ. ಬೆರಳಿಗೆ ತಂತಿ ಮಾತ್ರ ಸಿಗುತ್ತದೆ, ಮರ ಸಿಗುವುದಿಲ್ಲ. ವೇಗದ ಕೈಗೆ, ವೈಬ್ರೆಟೊಗೆ ಅದು ವರ. ಆದರೆ ಹೊಸಬರು ತಂತಿಯನ್ನು ಒತ್ತಿ ಹಿಡಿಯುತ್ತಾರೆ. ಒತ್ತಿದಷ್ಟೂ ಶ್ರುತಿ ಮೇಲೇರಿ ಕಾರ್ಡ್‌ಗಳೆಲ್ಲ ಅಪಸ್ವರವಾಗುತ್ತವೆ.

ಹಂತ 3: ಅದೇ ಹೆಸರಿನ ಅಗ್ಗದ ಮಾಡೆಲ್ ಹುಡುಕಿ

ಜಾನ್ ಮೇಯರ್ ಜೊತೆ ಸೇರಿ ಪಿಆರ್‌ಎಸ್ ಕಂಪನಿ 2018ರಲ್ಲಿ ಸಿಲ್ವರ್ ಸ್ಕೈ ಗಿಟಾರ್ ತಂದಿತು. 1963, 1964ರ ಹಳೆಯ ಸ್ಟ್ರಾಟ್‌ಗಳ ಗುಣ ಅದರ ಬೇರು. 2022ರಲ್ಲಿ ಇಂಡೊನೇಷ್ಯಾದಲ್ಲಿ ತಯಾರಾಗುವ ಎಸ್‌ಇ ಸಿಲ್ವರ್ ಸ್ಕೈ ಬಂತು. ಅಮೆರಿಕದಲ್ಲಿ ಆಗ ಅದರ ಬೆಲೆ 849 ಡಾಲರ್, ದೊಡ್ಡ ಮಾಡೆಲ್‌ನ ಅರ್ಧಕ್ಕಿಂತಲೂ ಕಡಿಮೆ. ಆಲ್ಡರ್ ಬದಲು ಪಾಪ್ಲರ್ ಮರ, ಬೇರೆ ಪಿಕಪ್. ಫ್ರೆಟ್‌ಬೋರ್ಡ್‌ನ ಬಾಗಿನ ತ್ರಿಜ್ಯ 7.25 ಇಂಚಿನಿಂದ 8.5 ಇಂಚಿಗೆ ಬಂದಿದೆ, ಅಂದರೆ ತುಸು ಚಪ್ಪಟೆ. ತಂತಿ ಎಳೆದು ಬೆಂಡ್ ಕಲಿಯುವವರಿಗೆ ಚಪ್ಪಟೆ ಬೋರ್ಡೇ ಸಲೀಸು, ಸ್ವರ ಮಧ್ಯದಲ್ಲಿ ಸಾಯುವುದಿಲ್ಲ. ಈ ಒಂದು ವಿಷಯದಲ್ಲಿ ಕಡಿಮೆ ಬೆಲೆಯದ್ದೇ ಕಲಿಯುವವರ ಪಕ್ಷದಲ್ಲಿದೆ.

ಹೆಸರಿಲ್ಲದ ಒಡಹುಟ್ಟುಗಳೂ ಉಂಟು. ಸ್ಟೀವ್ ವಾಯ್‌ಗಾಗಿ ಇಬಾನೆಜ್ 1987ರಲ್ಲಿ ಮಾಡಿದ ಜೆಮ್ ಗಿಟಾರಿನ ವಿನ್ಯಾಸದಿಂದಲೇ ಆರ್‌ಜಿ ಸರಣಿ ಹುಟ್ಟಿತು. ಆರ್‌ಜಿಯ ದೇಹದಲ್ಲಿ ಜೆಮ್‌ನಲ್ಲಿರುವ ಕೈಹಿಡಿಯ ಕಿಂಡಿ ಇರುವುದಿಲ್ಲ, ಅಷ್ಟೇನೂ ನಷ್ಟವಿಲ್ಲ. 24 ಫ್ರೆಟ್, ತೆಳು ನೆಕ್ ಎರಡರಲ್ಲೂ ಉಂಟು.

ಹಂತ 4: ಬ್ರಿಡ್ಜ್ ನೋಡಿ

ಜೆಮ್‌ನಂಥ ಗಿಟಾರುಗಳಲ್ಲಿ ಬ್ರಿಡ್ಜ್ ತೇಲುತ್ತಿರುತ್ತದೆ, ತಂತಿಗೆ ಎರಡೂ ತುದಿಯಲ್ಲಿ ಬೀಗ. ಒಂದು ತಂತಿ ಕಡಿದರೆ ಉಳಿದ ಐದೂ ಶ್ರುತಿ ತಪ್ಪುತ್ತವೆ. ಮೊದಲ ಗಿಟಾರಿಗೆ ಅಲುಗದ ಬ್ರಿಡ್ಜೇ ಒಳಿತು.

ಹಂತ 5: ನುಡಿಸಿ ನೋಡಿ

ಅಂಗಡಿಯಲ್ಲಿ ಮೊದಲು ಆಂಪ್ ಹಾಕದೆ ನುಡಿಸಿ. ಎಲ್ಲ ಫ್ರೆಟ್‌ಗಳಲ್ಲೂ ಸ್ವರ ಸ್ವಚ್ಛವಾಗಿ ಬರುತ್ತಿದೆಯೇ, ಕೂತಾಗ ಭಾರ ಹಿತವಾಗಿದೆಯೇ ಗಮನಿಸಿ. ಆಮೇಲೆ ಸಾಮಾನ್ಯ ಮಾಡೆಲ್ ಮತ್ತು ಸಿಗ್ನೇಚರ್ ಮಾಡೆಲ್ ಎರಡನ್ನೂ ಒಂದೇ ಆಂಪ್‌ಗೆ, ಒಂದೇ ವಾಲ್ಯೂಮ್‌ನಲ್ಲಿ ಹಾಕಿ. ದನಿ ಜೋರಾದದ್ದು ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆ. ಜೊತೆಗೆ ಬಂದ ಸ್ನೇಹಿತರಿಗೆ ಗಿಟಾರು ಕೊಟ್ಟು, ನೀವು ಬೆನ್ನು ತಿರುಗಿಸಿ ಕೇಳಿ.

ಮೊದಲ ಸಿಗ್ನೇಚರ್ ಗಿಟಾರಿಗೆ ನನ್ನ ಮತ ಎಸ್‌ಇ ಸಿಲ್ವರ್ ಸ್ಕೈಗೆ. ಕ್ಲಾಪ್ಟನ್ ಸ್ಟ್ರಾಟ್ ಬೆಲೆಗೆ ತಕ್ಕ ವಾದ್ಯವೇ, ಆದರೆ ಆ ಮಿಡ್ ಬೂಸ್ಟ್ ನಿಮಗೆ ನಿಜಕ್ಕೂ ಬೇಕು ಎಂದು ಗೊತ್ತಾದ ಮೇಲೆ ಕೊಳ್ಳಿ.