ದುರಂತನಾಯಕ ಮತ್ತು ಅನಾಯಕ

ಕಾವ್ಯನಾಟಕಗಳಲ್ಲಿ ಕೊನೆಗೆ ಕೆಡುವವರೆಲ್ಲರನ್ನೂ ‘ದುರಂತನಾಯಕ’ರೆಂದು ಕರೆದುಬಿಡುವ ರೂಢಿ ನಮ್ಮಲ್ಲಿದೆ. ಅಂತೆಯೇ ‘ಆಂಟಿಹೀರೋ’ವನ್ನು ‘ಪ್ರತಿನಾಯಕ’ನೆಂದು ಬರೆಯುವುದೂ ಉಂಟು. ಎರಡೂ ವಿಚಾರಾರ್ಹ. ನಮ್ಮ ಲಾಕ್ಷಣಿಕರ ಪ್ರತಿನಾಯಕನು ನಾಯಕನ ಹಗೆ, ರಾಮನಿಗೆ ರಾವಣನಿದ್ದಂತೆ. ಆಂಟಿಹೀರೋ ಹಾಗಲ್ಲ, ನಾಯಕನ ಸ್ಥಾನದಲ್ಲಿದ್ದೂ ನಾಯಕಗುಣಗಳಿಲ್ಲದವನು. ಅವನನ್ನು ಇಲ್ಲಿ ‘ಅನಾಯಕ’ನೆನ್ನೋಣ.

ಅರಿಸ್ಟಾಟಲನ ಮತದಲ್ಲಿ ದುರಂತನಾಯಕನು ಪೂರ್ಣ ಸಜ್ಜನನೂ ಅಲ್ಲ, ಕೇವಲ ದುಷ್ಟನೂ ಅಲ್ಲ. ಹಿರಿಯ ಪದವಿಯಲ್ಲಿದ್ದು ತನ್ನದೇ ತಪ್ಪಿನಿಂದ ಕೆಡುವವನು. ರನ್ನನ ‘ಗದಾಯುದ್ಧ’ವನ್ನು ನೋಡಿರಿ. ಕವಿಯು ತನ್ನ ಒಡೆಯ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿದುದರಿಂದ ಕಾವ್ಯದ ನಾಯಕನು ಭೀಮ, ದುರ್ಯೋಧನ ಪ್ರತಿನಾಯಕ. ಆದರೂ ಓದುಗರ ಮನಸ್ಸು ಹರಿಯುವುದು ದುರ್ಯೋಧನನ ಕಡೆಗೇ. ಹೆಣಗಳ ನಡುವೆ ನಡೆಯುತ್ತ ಅವನು ಹಗೆಯ ಮಗ ಅಭಿಮನ್ಯುವಿನ ಶೌರ್ಯವನ್ನು ಮೆಚ್ಚುತ್ತಾನೆ. ದುಶ್ಶಾಸನನನ್ನು ಕೊಲ್ಲಿಸಿದವನು ತಾನೇ ಎಂದು ಮರುಗುತ್ತಾನೆ. ಸಂಧಿಯ ಮಾತು ಬಂದಾಗ, ಕರ್ಣನನ್ನು ನುಂಗಿದ ನೆಲವನ್ನು ಆಳಲಾರೆನೆಂದು ಛಲವನ್ನೇ ಹಿಡಿಯುತ್ತಾನೆ. ಪ್ರತಿನಾಯಕನು ದುರಂತನಾಯಕನಾಗುವುದು ಇಲ್ಲಿ.

ಇನ್ನೊಂದು ಬಗೆಯ ಛಲ ದಾಸ್ತೊಯೆವ್ಸ್ಕಿಯ 1864ರ ‘ನೆಲಮಾಳಿಗೆಯ ಟಿಪ್ಪಣಿಗಳು’ ಎಂಬ ಕೃತಿಯಲ್ಲಿದೆ. ಪೀಟರ್ಸ್‌ಬರ್ಗಿನ ಸಣ್ಣ ಅಧಿಕಾರಿಯೊಬ್ಬನನ್ನು ಒಬ್ಬ ಸೇನಾಧಿಕಾರಿ ಪೀಠೋಪಕರಣದಂತೆ ಪಕ್ಕಕ್ಕೆ ಸರಿಸಿ ನಡೆದುಬಿಡುತ್ತಾನೆ. ಇವನು ಆ ಅವಮಾನವನ್ನು ವರ್ಷಗಟ್ಟಲೆ ಮೆಲುಕುಹಾಕಿ, ಸಾಲಮಾಡಿ ಕೋಟಿಗೆ ಒಳ್ಳೆಯ ತುಪ್ಪುಳಿನ ಕಾಲರು ಹೊಲಿಸಿ, ಕಡೆಗೊಂದು ದಿನ ಬೀದಿಯಲ್ಲಿ ದಾರಿಬಿಡದೆ ಅವನ ಭುಜಕ್ಕೆ ಭುಜ ತಾಗಿಸುತ್ತಾನೆ. ಆತ ತಿರುಗಿಯೂ ನೋಡುವುದಿಲ್ಲ! ಇವನೋ ಗೆದ್ದೆನೆಂದು ಹಾಡುತ್ತ ಮನೆಗೆ ಹೋಗುತ್ತಾನೆ. ಕಾದಂಬರಿಗೆ ನಾಯಕ ಬೇಕು, ಇಲ್ಲಿರುವುದಾದರೋ ಅನಾಯಕನ ಲಕ್ಷಣಗಳೇ ಎಂಬರ್ಥದ ಮಾತನ್ನು ಕೊನೆಯಲ್ಲಿ ಅವನೇ ಆಡುತ್ತಾನೆ.

ಛಲ ಇಬ್ಬರಿಗೂ ಉಂಟು. ಭೇದವಿರುವುದು ಬೀಳುವ ಎತ್ತರದಲ್ಲಿ. ಒಬ್ಬನ ಛಲಕ್ಕೆ ಕುರುವಂಶವೇ ಬಲಿಯಾಯಿತು. ಇನ್ನೊಬ್ಬನದು ಎದುರಾಳಿಯ ಕಣ್ಣಿಗೂ ಬೀಳಲಿಲ್ಲ. ಇದಕ್ಕಿಂತ ಮುಖ್ಯವಾದುದು ಅರಿವಿನ ಭೇದ. ದುರಂತನಾಯಕನಿಗೆ ಅರಿವು ತಡವಾಗಿ ಬರುತ್ತದೆ. ಬಂದ ಮೇಲೆ ಅದರ ಬೆಲೆಯನ್ನು ಅವನು ತೆರುತ್ತಾನೆ. ಅನಾಯಕನಿಗೆ ತನ್ನ ದೋಷ ಮೊದಲೇ ಗೊತ್ತು. ಆದರೆ ಆ ಅರಿವು ಕೃತಿಗಿಳಿಯದು. ನೆರವು ಬೇಡಿ ಬಂದ ಲಿಸಾ ಎಂಬ ಅಭಾಗಿನಿಯನ್ನು, ಅನ್ಯಾಯವೆಂದು ತಿಳಿದಿದ್ದೂ, ಅವನು ಅವಮಾನಿಸಿಯೇ ಕಳುಹಿಸುತ್ತಾನೆ.

ದುರ್ಯೋಧನನಿಗಾಗಿ ನಾವು ಮರುಗುತ್ತೇವೆ. ನೆಲಮಾಳಿಗೆಯವನನ್ನು ಕಂಡರೆ ನಾಚುತ್ತೇವೆ. ತಪ್ಪೆಂದು ತಿಳಿದೂ ತಿದ್ದಿಕೊಳ್ಳದ ನಮ್ಮ ದಿನಗಳು ಆಗ ನೆನಪಾಗುವುದರಿಂದಲೇ ಅಲ್ಲವೆ?